ವೈವಿಧ್ಯದ ಅಂಕ

2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ರಾಜ್ಯ ಮಹಿಳಾ ವಿಶ್ವವಿದ್ಯಾಲಯವು ಇಂದು ತೊರವಿಯ ಬಯಲಿನಲ್ಲಿ ನಿಂತಿದೆ. ಕುಮಾರವಾಲ್ಮೀಕಿಯ ತೊರವೆಯೆಂದರೆ ವಾಚಕರಿಗೆ ಬೇಗ ಗುರುತಾದೀತು. ಬಬಲೇಶ್ವರ, ತಿಕೋಟಾಗಳ ಹೆಣ್ಣುಮಕ್ಕಳಿಗೆ ಧಾರವಾಡ ದೂರವಾಗಿತ್ತು, ತೊರವಿ ಹತ್ತಿರ. 2023ರಿಂದ ಸರಕಾರಿ ಬಸ್ಸಿನ ಟಿಕೀಟಿಗೆ ಅವರು ಹಣ ಕೊಡಬೇಕಾಗಿಯೂ ಇಲ್ಲ.

ಜಾಗತೀಕರಣದ ಈ ಕಾಲದಲ್ಲಾದರೋ ವಿದ್ಯಾಪೀಠಗಳನ್ನು ಅಂಕಗಳಿಂದ ಅಳೆಯುತ್ತಾರೆ. ಕೇಂದ್ರ ಸರಕಾರದ ಶ್ರೇಯಾಂಕ ಪದ್ಧತಿಯ 2023ರ ಕ್ರಮದಲ್ಲಿ, ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ಇಟ್ಟ 100 ಅಂಕಗಳೊಳಗೆ ಅನ್ಯ ರಾಜ್ಯ, ಅನ್ಯ ದೇಶಗಳ ವಿದ್ಯಾರ್ಥಿಗಳ ಪಾಲು 30. ಆರ್ಥಿಕವಾಗಿ, ಸಾಮಾಜಿಕವಾಗಿ ಹಿಂದುಳಿದವರ ಪಾಲು 20. ನಮ್ಮ ಮಾತನ್ನೇ ಆಡುವ ಸೊಲ್ಲಾಪುರದ ಕನ್ನಡತಿ ಬಂದರೆ ಅದು ಪ್ರದೇಶ ವೈವಿಧ್ಯ! ಕಬ್ಬು ಕಡಿಯಲು ಗುಳೆ ಹೋಗುವವರ ಮನೆಯಿಂದ, ಆ ಮನೆತನದಲ್ಲಿಯೇ ಮೊದಲ ಪದವೀಧರೆಯಾಗಿ ಬರುವ ಬಬಲೇಶ್ವರದ ಹುಡುಗಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಹೊರಗಿನವರು ಬಾರದಿರಲೆಂದು ನಾನು ಹೇಳುತ್ತಿಲ್ಲ. ಅವರು ಅವಶ್ಯವಾಗಿ ಬರಲಿ. ತೂಕ ಮಾತ್ರ ತಲೆಕೆಳಗಾಗಿದೆ.

ಪ್ರವೇಶ ಕೊಡುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು. ನನ್ನ ತರಗತಿಯಲ್ಲಿ ವಚನವೊಂದರ ಮರ್ಮವನ್ನು ನಿರಾಯಾಸವಾಗಿ ಬಿಡಿಸಬಲ್ಲವಳು ಇಂಗ್ಲಿಷಿನ ಅರ್ಜಿಯ ಮುಂದೆ ಮೂಕಿಯಾಗುತ್ತಾಳೆ. ವಿದ್ಯಾರ್ಥಿವೇತನ ತಡವಾದ ವರ್ಷ ಅವಳ ಬೆಂಚು ಬರಿದಾಗುತ್ತದೆ.

ವಿದೇಶದ ವಿದ್ಯಾಪೀಠಗಳೊಡನೆ ಒಪ್ಪಂದಗಳು ಆಗಲಿ, ಬೇಡವೆನ್ನುವವರಾರು? ಅದಕ್ಕೆ ಮೊದಲು ವಸತಿನಿಲಯದಲ್ಲಿ ಇನ್ನಷ್ಟು ಕೋಣೆಗಳು, ಮೊದಲ ವರ್ಷ ಕನ್ನಡದ ಮೂಲಕವೇ ಇಂಗ್ಲಿಷು ಕಲಿಸುವ ಇಬ್ಬರು ಅಧ್ಯಾಪಕಿಯರು ಎಂಬ ಬಾಬುಗಳು ಮುಂದಿನ ಆಯವ್ಯಯ ಪತ್ರದಲ್ಲಿ ಬರಲಿ.