ಬಂದದ್ದನ್ನು ಬರೆಯುವ ವಿದ್ಯೆ

ರಸಾಯನಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎಸ್‌ಸಿ. ಓದಿದವರೆಲ್ಲರಿಗೂ ಒಂದು ಪ್ರಶ್ನೆ ಚಿರಪರಿಚಿತ. ಪ್ರಯೋಗಶಾಲೆಯ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪಿಸುದನಿಯಲ್ಲಿ ಸಾಗುವ ಪ್ರಶ್ನೆ ಅದು: "ನಿನಗೆಷ್ಟು ಬಂತು?" ಕೇಳುವವನಿಗೆ ಗೆಳೆಯನ ಪ್ರಯೋಗದಲ್ಲಿ ಆಸಕ್ತಿಯೇನೂ ಇಲ್ಲ; ತನ್ನ ಉತ್ತರವನ್ನು ಯಾವ ಕಡೆಗೆ ಎಷ್ಟು ಸರಿಸಬೇಕೆಂಬುದಷ್ಟೇ ಅವನಿಗೆ ಬೇಕು. ವ್ಯಾಸಂಗ ಕಾಲದಲ್ಲಿ ಉರುಹೊಡೆದ ಸೂತ್ರಗಳೂ ಸಮೀಕರಣಗಳೂ ಬಹುಮಟ್ಟಿಗೆ ಮರೆತುಹೋಗುತ್ತವೆ. ಈ ಸರಿಸುವ ಅಭ್ಯಾಸ ಮಾತ್ರ ಮರೆಯುವುದಿಲ್ಲ. ನಮ್ಮ ಕಾಲೇಜುಗಳ ರಸಾಯನ ಶಿಕ್ಷಣದಲ್ಲಿರುವ ಅತಿ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಮತ.

ಪರರ ಕಡೆಗೆ ಬೆರಳು ತೋರುವ ಮುನ್ನ ನನ್ನ ತಪ್ಪನ್ನೇ ಹೇಳಿಬಿಡುವುದು ಲೇಸು. ಎರಡನೆಯ ವರ್ಷದ ಒಂದು ಮಂಗಳವಾರ, ಕೊಟ್ಟ ದ್ರಾವಣದಲ್ಲಿ ಕಬ್ಬಿಣದ ಅಂಶ ಎಷ್ಟಿದೆಯೆಂದು ನಾವು ಕಂಡುಹಿಡಿಯಬೇಕಾಗಿತ್ತು. ವಿಧಾನ ಹಳೆಯದು, ನೋಡಲು ಸೊಗಸಾದದ್ದು. ಮೋರ್ ಲವಣವೆಂಬ ಕಬ್ಬಿಣದ ಲವಣದ ದ್ರಾವಣವನ್ನು ಪಿಪೆಟ್ಟಿನಿಂದ 10 ಮಿಲಿಲೀಟರಿನಷ್ಟು ಅಳೆದು ಫ್ಲಾಸ್ಕಿಗೆ ಹಾಕಿ, ಅದಕ್ಕೆ ದುರ್ಬಲ ಗಂಧಕಾಮ್ಲವನ್ನು ಬೆರೆಸಿ, ಮೇಲಿನ ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಕಡುನೇರಳೆಯ ಹನಿ ಬಿದ್ದೊಡನೆಯೇ ಬಣ್ಣ ಕಳೆದುಕೊಳ್ಳುತ್ತದೆ. ಫೆರಸ್ ರೂಪದಲ್ಲಿರುವ ಕಬ್ಬಿಣವೆಲ್ಲ ಫೆರಿಕ್ ರೂಪಕ್ಕೆ ತಿರುಗಿದ ಮೇಲೆ ಬಿದ್ದ ಒಂದೇ ಹನಿ ಇಡೀ ದ್ರಾವಣಕ್ಕೆ ನಸುಗೆಂಪು ಛಾಯೆ ತರುತ್ತದೆ. ಅದು ಅರ್ಧ ನಿಮಿಷ ನಿಂತರೆ ಅಂತ್ಯಬಿಂದು ಬಂತೆಂದು ಅರ್ಥ. ಎಷ್ಟು ಪರ್ಮಾಂಗನೇಟು ಖರ್ಚಾಯಿತೆಂಬುದರಿಂದ ಕಬ್ಬಿಣದ ಲೆಕ್ಕ ಸಿಕ್ಕುತ್ತದೆ.

ಹಿಂದಿನ ತರಗತಿಯವರ ರೆಕಾರ್ಡ್ ಪುಸ್ತಕಗಳಲ್ಲೆಲ್ಲ ಈ ಪ್ರಯೋಗಕ್ಕೆ 10.2 ಎಂದಿತ್ತು. ನನಗೆ ಬಂದದ್ದು 9.1. ಮತ್ತೊಮ್ಮೆ ಮಾಡಿದೆ, 9.1. ಮೂರನೆಯ ಸಲ 9.2. ಪಕ್ಕದವನನ್ನು ಕೇಳಿದೆ. ಅವನಿಗೂ 9.1. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬಳಿಕ ಇಬ್ಬರೂ 10.2 ಎಂದು ಬರೆದು, ನಂಬಿಕೆ ಹುಟ್ಟಲೆಂದು ಒಂದು ಕಡೆ 10.1 ಎಂದೂ ಸೇರಿಸಿ, ಸಹಿ ಹಾಕಿಸಿಕೊಂಡು ಕಾಫಿಗೆ ಹೊರಟೆವು. ತರಗತಿಯ ಇಪ್ಪತ್ತು ಮಂದಿಯದೂ ಹೆಚ್ಚುಕಡಮೆ ಇದೇ ಕಥೆ.

ಕೆಲವು ತಿಂಗಳು ಕಳೆದ ಮೇಲೆ ಪ್ರಯೋಗಶಾಲೆಯ ವಯಸ್ಸಾದ ಅಟೆಂಡರು ಅದೂ ಇದೂ ಮಾತಿನ ನಡುವೆ ನಗುತ್ತ ಹೇಳಿದರು: "ಆ ಕಬ್ಬಿಣದ್ದು ಮಾಡಿದ್ರಲ್ಲಪ್ಪಾ, ಅದರ ಸೊಲ್ಯೂಷನ್ ಹಿಂದಿನ ಶುಕ್ರವಾರವೇ ಮಾಡಿಟ್ಟಿದ್ದೆ. ಆಸಿಡ್ ಬಿಡೋದೇ ಮರೆತುಬಿಟ್ಟಿದ್ದೆ. ಮಂಗಳವಾರದ ಹೊತ್ತಿಗೆ ಹಳದಿಗೆ ತಿರುಗಿತ್ತು. ಏನು ಗಲಾಟೆ ಆಗುತ್ತೋ ಅಂತ ಹೆದರಿದ್ದೆ. ಪುಣ್ಯಕ್ಕೆ ನಿಮಗೆಲ್ಲಾ ಸರಿಯಾಗೇ ಬಂತು!"

ಮೋರ್ ಲವಣದ ದ್ರಾವಣವನ್ನು ಮಾಡಿಡುವಾಗಲೇ ಸಾಕಷ್ಟು ಗಂಧಕಾಮ್ಲವನ್ನು ಸೇರಿಸದಿದ್ದರೆ ಗಾಳಿಯ ಆಮ್ಲಜನಕ ಅದರಲ್ಲಿನ ಫೆರಸ್ ಕಬ್ಬಿಣವನ್ನು ಮೆಲ್ಲಮೆಲ್ಲನೆ ಫೆರಿಕ್ ಆಗಿ ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ಕಬ್ಬಿಣಕ್ಕೆ ಪರ್ಮಾಂಗನೇಟಿನ ಅಗತ್ಯ ಉಳಿಯುವುದಿಲ್ಲ. ಆದ್ದರಿಂದ ಅಂದಿನ ಸರಿಯುತ್ತರ 9.1 ಆಗಿತ್ತು. ತಿಳಿಹಸುರಾಗಿರಬೇಕಾದ ದ್ರಾವಣ ಹಳದಿಯಾಗಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಬ್ಯೂರೆಟ್ಟು ಮೂರು ಸಲ ಅದನ್ನೇ ಹೇಳಿತ್ತು. ದ್ರಾವಣ ಕೆಟ್ಟಿದೆಯೆಂದು ಪತ್ತೆಮಾಡುವ ಅವಕಾಶ ಇಪ್ಪತ್ತು ಮಂದಿಯ ಮುಂದೆ ಬಂದು ನಿಂತಿತ್ತು. ರಸಾಯನ ವಿಜ್ಞಾನವೆಂದರೆ ಏನೆಂಬುದನ್ನು ನಾವು ಕಲಿಯಬಹುದಾಗಿದ್ದ ಆ ಒಂದು ಅಪರಾಹ್ನವನ್ನು ರಬ್ಬರಿನಿಂದ ಅಳಿಸಿಹಾಕಿದೆವು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಎಂದು ವಾಚಕರು ಕೇಳಬಹುದು. ಇದಕ್ಕಿಂತಲೂ ಸಣ್ಣ ವ್ಯತ್ಯಾಸವೊಂದರ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಸಾರಜನಕದ ಸಾಂದ್ರತೆಯನ್ನು ನಿಷ್ಕೃಷ್ಟವಾಗಿ ಅಳೆಯಲು ಹೊರಟಿದ್ದರು. ಗಾಳಿಯಿಂದ ಆಮ್ಲಜನಕವೇ ಮೊದಲಾದವನ್ನು ತೆಗೆದುಹಾಕಿ ಪಡೆದ ಸಾರಜನಕವನ್ನು ಒಂದು ಗಾಜಿನ ಗೋಳದಲ್ಲಿ ತುಂಬಿದಾಗ ಅದರ ತೂಕ ಸುಮಾರು 2.310 ಗ್ರಾಂ ಇತ್ತು. ಅದೇ ಗೋಳದಲ್ಲಿ, ರಾಸಾಯನಿಕ ಸಂಯುಕ್ತಗಳಿಂದ ಪಡೆದ ಸಾರಜನಕ ತೂಗಿದ್ದು ಸುಮಾರು 2.299 ಗ್ರಾಂ. ಅಂತರ ಹನ್ನೊಂದು ಮಿಲಿಗ್ರಾಂ, ಅಂದರೆ ಸಾವಿರಕ್ಕೆ ಐದು ಪಾಲು. ನಮ್ಮ ಕಾಲೇಜಿನ ಹುಡುಗನಾಗಿದ್ದರೆ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಪೂರ್ಣಾಂಕ ಗಿಟ್ಟಿಸಿಕೊಳ್ಳುತ್ತಿದ್ದ. ರ‍್ಯಾಲೆ ಹಾಗೆ ಮಾಡಲಿಲ್ಲ. 1892ರಲ್ಲಿ 'ನೇಚರ್' ಪತ್ರಿಕೆಗೆ ಪತ್ರ ಬರೆದು, ತಮ್ಮ ಲೆಕ್ಕ ಹೊಂದುತ್ತಿಲ್ಲವೆಂದೂ ಕಾರಣ ಬಲ್ಲವರು ತಿಳಿಸಬೇಕೆಂದೂ ಬಹಿರಂಗವಾಗಿ ಕೇಳಿಕೊಂಡರು. ಅದಕ್ಕೂ ನೂರು ವರ್ಷಗಳಿಗೆ ಹಿಂದೆ, 1785ರಲ್ಲಿ, ಹೆನ್ರಿ ಕ್ಯಾವೆಂಡಿಷ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅದರ ಸಾರಜನಕವನ್ನೆಲ್ಲ ಕಳೆದಾಗ, 120ರಲ್ಲಿ ಒಂದು ಭಾಗಕ್ಕೂ ಮೀರದ ಒಂದು ಪುಟ್ಟ ಗುಳ್ಳೆ ಉಳಿದುಕೊಂಡಿತ್ತು. ಅದೇನೆಂದು ಅವರಿಗೂ ತಿಳಿಯಲಿಲ್ಲ. ಆದರೂ ಉಳಿದದ್ದನ್ನು ಉಳಿದಂತೆಯೇ ಬರೆದಿಟ್ಟರು. 1894ರಲ್ಲಿ ರ‍್ಯಾಲೆ ಮತ್ತು ವಿಲಿಯಂ ರ‍್ಯಾಮ್ಸೆ ಅದನ್ನು ಆರ್ಗಾನ್ ಎಂಬ ಹೊಸ ಮೂಲವಸ್ತುವೆಂದು ಜಗತ್ತಿಗೆ ತಿಳಿಸಿದರು. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು, ಒಬ್ಬರಿಗೆ ಭೌತವಿಜ್ಞಾನದಲ್ಲಿ, ಇನ್ನೊಬ್ಬರಿಗೆ ರಸಾಯನದಲ್ಲಿ.

ಎಲ್ಲರೂ ರ‍್ಯಾಲೆ ಆಗಲಾರರು, ನಿಜ. ನಮ್ಮ ಪದವೀಧರರಲ್ಲಿ ಹೆಚ್ಚಿನವರು ಔಷಧ ಕಾರ್ಖಾನೆಯ ಗುಣಪರೀಕ್ಷಣ ವಿಭಾಗಕ್ಕೋ ಆಹಾರ ಅಥವಾ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೋ ಸೇರುತ್ತಾರೆ. ನನ್ನ ಆತಂಕವಿರುವುದೂ ಅಲ್ಲಿಯೇ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರೂ ಬಲ್ಲ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಆಸರೆಯೇ ಇಲ್ಲದ ಕಡೆ ಹೆಚ್ಚೆಂದರೆ 1.5 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಬಾಗುತ್ತದೆ, ಕೀಲುಗಳು ಬಿಗಿಯುತ್ತವೆ. ಸೀಸೆಯ ನೀರನ್ನು ಪರೀಕ್ಷಿಸಿ 1.4 ಎಂದೋ 1.9 ಎಂದೋ ಬರೆಯುವವರು ನಮ್ಮ ಕಾಲೇಜುಗಳಿಂದ ಹೊರಬಂದ ಹುಡುಗ ಹುಡುಗಿಯರೇ. ಮೇಲಿನವರು ಯಾವ ಅಂಕಿಯನ್ನು ಬಯಸುತ್ತಾರೆಂದು ಊಹಿಸಿ ಅದನ್ನೇ ಬರೆಯುವ ಶಿಕ್ಷಣವನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಟ್ಟು, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವರಿಂದ ಸತ್ಯನಿಷ್ಠೆಯನ್ನು ನಿರೀಕ್ಷಿಸುವುದು ಹೇಗೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಅಧ್ಯಾಪಕ ಮಿತ್ರರು ಇದಕ್ಕೆ ಹೇಳುವ ಸಮಾಧಾನವೂ ಉಂಟು. ಕಾಲೇಜಿನ ಪ್ರಯೋಗಗಳು ಕೈ ಪಳಗಲೆಂದು ಇರುವಂಥವು, ಸಂಶೋಧನೆಗೆಂದು ಇರುವಂಥವಲ್ಲ. ಸರಿಯುತ್ತರಕ್ಕೆ ಎಷ್ಟು ಸಮೀಪ ಬಂದನೆಂಬುದರಿಂದಲೇ ಕೈಚಳಕವನ್ನು ಅಳೆಯಬೇಕಲ್ಲವೇ, ಎನ್ನುತ್ತಾರೆ. ವಾದದಲ್ಲಿ ಹುರುಳಿದೆ. ಪಿಪೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಬಿಟ್ಟವನಿಗೂ ಬಿಡದವನಿಗೂ ಒಂದೇ ಅಂಕ ಕೊಡಿರೆಂದು ನಾನು ಹೇಳುತ್ತಿಲ್ಲ. ಆದರೆ ಸರಿಯುತ್ತರ ಮೊದಲೇ ತಿಳಿದಿರುವಾಗ ಅಳತೆಗೆ ಸಿಕ್ಕುವುದು ಕೈಚಳಕವೇ, ಅಥವಾ ಹಿಂದಿನವರ ಪುಸ್ತಕ ದೊರಕಿಸಿಕೊಂಡ ಜಾಣತನವೇ? ಲೆಕ್ಕ ಹೊಂದಿಸುವುದೇ ಮುಖ್ಯವಾದರೆ ಅದಕ್ಕೆ ಹಳೆಯ ಕಾಲದ ಶ್ಯಾನುಭೋಗರೇ ಸಾಕಾಗಿತ್ತು.

2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯ ವ್ಯವಸ್ಥೆ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ವರ್ಷ ಎಷ್ಟಿರಬೇಕೆಂಬ ಚರ್ಚೆ ಆಗಲಿ, ಬೇಡವೆನ್ನುವುದಿಲ್ಲ. ಹಣದ ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ ಮೂರು ಕೆಲಸಗಳಿವೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಸಾಂದ್ರತೆಯ ದ್ರಾವಣ ಕೊಡಲಿ, ಆಗ "ನಿನಗೆಷ್ಟು ಬಂತು?" ಎಂಬ ಪ್ರಶ್ನೆಗೆ ಅರ್ಥವೇ ಉಳಿಯದು. ಅಂಕಿಗಳನ್ನು ಬಿಡಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುವ ಬದಲು, ಹೊಲಿದ ಪುಸ್ತಕದಲ್ಲಿ ಶಾಯಿಯಿಂದ, ಬ್ಯೂರೆಟ್ಟಿನ ಮುಂದೆ ನಿಂತಾಗಲೇ ಬರೆಯಲಿ. ತಪ್ಪಿದರೆ ಒಂದು ಗೆರೆ ಎಳೆಯಲಿ, ಕೆಳಗಿನ ಅಂಕಿ ಕಾಣುವಂತಿರಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಉತ್ತರ ತಪ್ಪಿದ ವಿದ್ಯಾರ್ಥಿಯನ್ನು ಮೌಖಿಕ ಪರೀಕ್ಷೆಯಲ್ಲಿ "ಏಕೆ ತಪ್ಪಿತು?" ಎಂದು ಕೇಳಲಿ. ದ್ರಾವಣ ಹಳದಿಯಾಗಿತ್ತು ಎಂದು ಅವನು ಹೇಳಬಲ್ಲನಾದರೆ, ಸರಿಯುತ್ತರ ಬರೆದವನಿಗಿಂತ ಒಂದು ಅಂಕ ಹೆಚ್ಚಾಗಿಯೇ ಕೊಡಲಿ.

ಆ ರೆಕಾರ್ಡ್ ಪುಸ್ತಕ ಇಂದಿಗೂ ನನ್ನಲ್ಲಿದೆ. ಆ ಮಂಗಳವಾರದ ಪುಟದಲ್ಲಿ 10.2, 10.2, 10.1 ಎಂದು ದುಂಡನೆಯ ಅಕ್ಷರದಲ್ಲಿ ಬರೆದಿದ್ದೇನೆ. ಕೆಳಗೆ ಮೇಷ್ಟರ ಕೆಂಪು ಶಾಯಿಯ ಸಹಿ, ಹತ್ತಕ್ಕೆ ಒಂಬತ್ತು ಅಂಕ. ಈಚೆಗೆ ಅದನ್ನು ಹೊರತೆಗೆದು, ಆ ಮೂರು ಅಂಕಿಗಳ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 9.1, 9.1, 9.2 ಎಂದು ಬರೆದೆ. ನೋಡುವವರು ಯಾರೂ ಇಲ್ಲ, ಆದರೂ ಬರೆಯಬೇಕೆನ್ನಿಸಿತು.