ಸನ್‌ರೂಫ್ ಬೇಡ, ಹಿಂದಿನ ವೈಪರ್ ಬೇಕು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೊಸ ಕಾರು ನೋಡಲು ಶಿವಮೊಗ್ಗದ ಶೋರೂಮಿಗೆ ಹೋದರು ಎಂದಿಟ್ಟುಕೊಳ್ಳಿ. ಅವರ ಬೇಡಿಕೆ ದೊಡ್ಡದೇನಲ್ಲ. ಹಿಂದಿನ ಗಾಜಿಗೆ ವೈಪರ್ ಮತ್ತು ಡಿಫಾಗರ್ ಇರಬೇಕು, ಮುಂದೆ ಫಾಗ್ ಲ್ಯಾಂಪ್ ಇರಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿಳಿಯುವವರಿಗೆ ಇವು ಷೋಕಿಯ ಸಾಮಾನಲ್ಲ. ಸೇಲ್ಸ್ ಹುಡುಗ ಬ್ರೋಷರ್ ಬಿಡಿಸಿ ಕೊನೆಯ ಕಾಲಮ್ಮಿನ ಮೇಲೆ ಬೆರಳಿಡುತ್ತಾನೆ: ‘ಅದೆಲ್ಲ ಟಾಪ್ ಮಾಡೆಲ್‌ನಲ್ಲಿ ಬರುತ್ತೆ ಸಾರ್.’ ಟಾಪ್ ಮಾಡೆಲ್‌ನಲ್ಲಿ ಸನ್‌ರೂಫೂ ಬರುತ್ತದೆ, ಅಲಾಯ್ ವೀಲೂ ಬರುತ್ತದೆ, ಅಂಗೈ ಅಗಲ ಮೀರಿದ ಟಚ್‌ಸ್ಕ್ರೀನೂ ಬರುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಮೋಡ ಕವಿದಿರುವ ಊರಿನವರಿಗೆ ಚಾವಣಿಯಲ್ಲೊಂದು ಕಿಟಕಿ! ವೈಪರ್ ಬೇಕೆಂದರೆ ಆ ಕಿಟಕಿಗೂ ದುಡ್ಡು ಕೊಡಬೇಕು.

ಪ್ಯಾಕೇಜು ಕೊಳ್ಳುವುದು ಒಳ್ಳೆಯದೋ, ಬೇಕಾದ್ದನ್ನು ಬಿಡಿಬಿಡಿಯಾಗಿ ಆರಿಸುವುದು ಒಳ್ಳೆಯದೋ ಎಂಬ ಚರ್ಚೆ ಜರ್ಮನಿಯಂಥ ಕಡೆ ನಿಜವಾದ ಆಯ್ಕೆಯ ಚರ್ಚೆ. ಅಲ್ಲಿ ಉದ್ದನೆಯ ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿ, ಕಾರು ತಯಾರಾಗಿ ಬರುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ನಮ್ಮಲ್ಲಿ ಇರುವುದು ಏಣಿ. ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ ಎಂದು ಮಾರುತಿ. ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್ ಎಂದು ಟಾಟಾ. ಹ್ಯುಂಡೈನ ಎಸ್‌ಎಕ್ಸ್ (ಒ) ತಮಾಷೆಯದು. ಆಪ್ಷನ್ ಎಂಬುದರ ಮೊದಲಕ್ಷರ ಹೊತ್ತುಕೊಂಡಿರುವ ಅದೂ ಏಣಿಯ ಇನ್ನೊಂದು ಮೆಟ್ಟಿಲೇ ಹೊರತು ಅದರೊಳಗೆ ನೀವು ಆರಿಸುವಂಥದ್ದೇನೂ ಇಲ್ಲ. ಟಾಟಾ ಕಂಪನಿ 2020ರಲ್ಲಿ ಆಲ್ಟ್ರೋಜ್ ಬಿಡುಗಡೆ ಮಾಡಿದಾಗ ರಿದಮ್, ಸ್ಟೈಲ್, ಲಕ್ಸ್, ಅರ್ಬನ್ ಎಂಬ ಸಣ್ಣ ಕಂತೆಗಳನ್ನು ಕಾರ್ಖಾನೆಯಲ್ಲೇ ಸೇರಿಸಿಕೊಡುವ ಪ್ರಯೋಗ ಮಾಡಿತ್ತು. ಒಳ್ಳೆಯ ಯೋಚನೆಯೇ. ಆದರೆ ಆಮೇಲೆ ಅದೂ ಮಾಮೂಲಿ ಏಣಿಗೇ ಮರಳಿತು.

ಕಂಪನಿಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹತ್ತು ಸೌಲಭ್ಯಗಳನ್ನು ಗಿರಾಕಿ ತನಗೆ ಬೇಕಾದಂತೆ ಆರಿಸಬಹುದು ಎಂದರೆ ಲೆಕ್ಕದಲ್ಲಿ ಒಂದೇ ಕಾರಿನ 1,024 ಬಗೆಗಳಾಗುತ್ತವೆ. ಒಂದೊಂದಕ್ಕೂ ವೈರಿಂಗ್ ಬೇರೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬೇರೆ, ಬಿಡಿಭಾಗದ ದಾಸ್ತಾನು ಬೇರೆ. ಡೀಲರ್‌ನ ಅಂಗಳದಲ್ಲಿ ನಿಲ್ಲುವುದು ನಲವತ್ತೋ ಐವತ್ತೋ ಕಾರು. ಸಾವಿರ ಬಗೆಯಲ್ಲಿ ನಿಮ್ಮದು ಅಲ್ಲಿರುವ ಸಂಭವವೇ ಇಲ್ಲ. ಜಪಾನಿನ ಕಂಪನಿಗಳು ಅಮೆರಿಕದ ಮಾರುಕಟ್ಟೆಗೆ ಕಾಲಿಟ್ಟಾಗ ಎದುರಿಸಿದ್ದೂ ಇದನ್ನೇ. ಹಡಗಿನಲ್ಲಿ ಸಾಗರ ದಾಟಿ ಬರಬೇಕಾದ ಕಾರನ್ನು ಒಬ್ಬೊಬ್ಬರ ಇಷ್ಟಕ್ಕೆ ಕಟ್ಟಲಾಗದು. ಹಾಗಾಗಿ ಡೆಟ್ರಾಯ್ಟ್ ರೇಡಿಯೊ, ಕನ್ನಡಿಗಳಿಗೂ ಬೇರೆ ಬೇರೆ ಬೆಲೆ ಹಾಕುತ್ತಿದ್ದ ಕಾಲದಲ್ಲಿ ಅವರು ಎಲ್ಲವನ್ನೂ ಸೇರಿಸಿ ಮೂರ್ನಾಲ್ಕು ಬಗೆಯಲ್ಲಿ ಮಾತ್ರ ಕಳುಹಿಸಿದರು. ಅದರಿಂದ ಖರ್ಚೂ ಉಳಿಯಿತು, ಕಾರಿನ ಗುಣಮಟ್ಟವೂ ಸುಧಾರಿಸಿತು.

ಆದರೆ ಕಂತೆ ಕಟ್ಟುವುದಕ್ಕೆ ಕಾರ್ಖಾನೆಯ ಅನುಕೂಲವೊಂದೇ ಕಾರಣವಲ್ಲ. ಅಮೆರಿಕದ ಸಿನಿಮಾ ಹಂಚಿಕೆದಾರರು ಟಿ.ವಿ. ಕೇಂದ್ರಗಳಿಗೆ ಜನಪ್ರಿಯ ಚಿತ್ರದ ಜೊತೆ ಯಾರೂ ಕೇಳದ ಚಿತ್ರವನ್ನೂ ಕಟ್ಟಿ ಕೊಡುತ್ತಿದ್ದರು. ಅದರ ಹಿಂದಿನ ಲೆಕ್ಕಾಚಾರವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲಿ ಬಿಡಿಸಿಟ್ಟರು. ಅದನ್ನು ಕಾರಿಗೆ ಹಚ್ಚಿ ನೋಡೋಣ. ಒಬ್ಬರು ಹೆಚ್ಚುವರಿ ಏರ್‌ಬ್ಯಾಗ್‌ಗಳಿಗೆ 40 ಸಾವಿರ ಕೊಡಲು ಸಿದ್ಧ, ಸನ್‌ರೂಫಿಗೆ 10 ಸಾವಿರ ಸಾಕು ಎನ್ನುತ್ತಾರೆ. ಇನ್ನೊಬ್ಬರದು ಇದರ ತಿರುವುಮುರುವು. ಎರಡನ್ನೂ ಬಿಡಿಯಾಗಿ 40 ಸಾವಿರಕ್ಕೆ ಇಟ್ಟರೆ ಒಬ್ಬೊಬ್ಬರು ಒಂದೊಂದು ಕೊಳ್ಳುತ್ತಾರೆ, ಕಂಪನಿಗೆ ಬರುವುದು 80 ಸಾವಿರ. ಎರಡನ್ನೂ ಕಟ್ಟಿ 50 ಸಾವಿರ ಎಂದರೆ ಇಬ್ಬರೂ ಕೊಳ್ಳುತ್ತಾರೆ, ಬರುವುದು ಒಂದು ಲಕ್ಷ.

ಸಿನಿಮಾದ ವಿಷಯದಲ್ಲಿ ಇದು ವ್ಯಾಪಾರದ ಜಾಣತನ. ಕಾರಿನ ವಿಷಯದಲ್ಲಿ ಮೂರನೆಯವರೊಬ್ಬರಿದ್ದಾರೆ. ಅವರಿಗೂ ಏರ್‌ಬ್ಯಾಗ್ ಬೇಕು, ಆದರೆ ಕೈಯಲ್ಲಿರುವುದು 40 ಸಾವಿರ ಮಾತ್ರ. ಬಿಡಿಯಾಗಿ ಸಿಕ್ಕಿದ್ದರೆ ಕೊಳ್ಳುತ್ತಿದ್ದರು. ಕಂತೆಯಲ್ಲಿ ಇಟ್ಟಿದ್ದರಿಂದ ಅದಿಲ್ಲದ ಕಾರನ್ನು ಮನೆಗೆ ತರುತ್ತಾರೆ. ಸನ್‌ರೂಫ್ ಇಲ್ಲದಿದ್ದರೆ ಮಕ್ಕಳು ಮುಖ ಸಪ್ಪೆ ಮಾಡಿಕೊಂಡಾರು. ಏರ್‌ಬ್ಯಾಗ್ ಇಲ್ಲದಿದ್ದರೆ ಆಗುವ ನಷ್ಟದ ತೂಕವೇ ಬೇರೆ. ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆಯುವ ಬ್ರೋಷರ್ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ 2019ರಲ್ಲಿ ಕಡ್ಡಾಯವಾಯಿತು. ಚಾಲಕನ ಪಕ್ಕದವರಿಗೂ ಏರ್‌ಬ್ಯಾಗ್ ಇರಲೇಬೇಕು ಎಂಬ ನಿಯಮ ಎಲ್ಲ ಕಾರುಗಳಿಗೂ ಅನ್ವಯವಾಗಲು 2021ರ ಕೊನೆ ಬರಬೇಕಾಯಿತು. ಅಲ್ಲಿಯವರೆಗೆ ಅಗ್ಗದ ಮಾದರಿಗಳಲ್ಲಿ ಗಂಡನಿಗೆ ಏರ್‌ಬ್ಯಾಗ್ ಇತ್ತು, ಪಕ್ಕದಲ್ಲಿ ಕೂತ ಹೆಂಡತಿಗೆ ಇರಲಿಲ್ಲ. ಆರು ಏರ್‌ಬ್ಯಾಗ್ ವಿಚಾರದಲ್ಲಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. 2022ರ ಜನವರಿಯಲ್ಲಿ ಕರಡು ಅಧಿಸೂಚನೆ ಬಂತು. ಆ ವರ್ಷದ ಅಕ್ಟೋಬರಿಗಿದ್ದ ಗಡುವು ಮರುವರ್ಷಕ್ಕೆ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಸಚಿವ ನಿತಿನ್ ಗಡ್ಕರಿ ಕಡ್ಡಾಯ ಮಾಡುವುದಿಲ್ಲ ಎಂದರು. ಮುಂದಿನ ತಿಂಗಳೇ ಹ್ಯುಂಡೈ ತನ್ನ ಎಲ್ಲ ಕಾರುಗಳ ಎಲ್ಲ ವೇರಿಯಂಟಿಗೂ ಆರು ಏರ್‌ಬ್ಯಾಗ್ ಘೋಷಿಸಿತು. ಕಾರನ್ನು ಢಿಕ್ಕಿ ಹೊಡೆಸಿ ಸುರಕ್ಷತೆಗೆ ಅಂಕ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾದದ್ದೂ ಅದೇ ಅಕ್ಟೋಬರಿನಲ್ಲಿ. 2025ರಲ್ಲಿ ಮಾರುತಿ ಆಲ್ಟೊ ಕೆ10, ವ್ಯಾಗನ್‌ಆರ್‌ಗಳಿಗೂ ಆರನ್ನೂ ಕೊಟ್ಟಿತು. ಸಣ್ಣ ಕಾರಿಗೆ ಈ ಖರ್ಚು ತಡೆಯಲಾಗದು, ಬಡವರ ಕಾರು ದುಬಾರಿಯಾಗುತ್ತದೆ ಎಂದು ಮೂರು ವರ್ಷ ಕೇಳಿಸಿದ ವಾದ ಸ್ಪರ್ಧೆ ಬಿಗಿಯಾದೊಡನೆ ಕರಗಿಹೋಯಿತು. ಏರ್‌ಬ್ಯಾಗಿನ ಪ್ರಕರಣ ಬಹುಮಟ್ಟಿಗೆ ಮುಗಿಯಿತೆಂದರೂ ಏಣಿಯ ತುದಿಗೆ ಈಗ ಬೇರೆ ಸರಕು ಸೇರಿದೆ. ಎದುರಿಗೆ ವಾಹನ ಅಡ್ಡ ಬಂದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಬಹುತೇಕ ಕಾರುಗಳಲ್ಲಿ ಸಿಗುವುದು ಟಾಪ್ ವೇರಿಯಂಟಿನಲ್ಲಿ ಮಾತ್ರ.

ಕರ್ನಾಟಕದವರಿಗೆ ಈ ಏಣಿಯಲ್ಲಿ ಇನ್ನೊಂದು ಜಾರುಮೆಟ್ಟಿಲಿದೆ, ಅದು ರಸ್ತೆ ತೆರಿಗೆ. ನಮ್ಮ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನದರ ಸಾಲಿಗೆ ಸೇರುತ್ತದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5ರಿಂದ 10 ಲಕ್ಷದವರೆಗೆ ಶೇ 14, ಅದು ದಾಟಿದರೆ 20 ಲಕ್ಷದವರೆಗೆ ಶೇ 17. ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಹಣಕ್ಕಷ್ಟೇ ಹೆಚ್ಚಿನ ದರ ಬಿದ್ದರೆ, ಇಲ್ಲಿ ಪೂರ್ತಿ ಬೆಲೆಗೇ ಬೀಳುತ್ತದೆ. 9.80 ಲಕ್ಷದ ವೇರಿಯಂಟ್ ನೋಡಿದ್ದೀರಿ. ಇನ್ನೊಂದು 50 ಸಾವಿರ ಹಾಕಿದರೆ ಸನ್‌ರೂಫ್ ಇರುವ 10.30 ಲಕ್ಷದ್ದು ಬರುತ್ತದೆ. ಮೊದಲನೆಯದಕ್ಕೆ ತೆರಿಗೆ 1,37,200 ರೂಪಾಯಿ, ಎರಡನೆಯದಕ್ಕೆ 1,75,100. ಅಲ್ಲಿಗೆ 50 ಸಾವಿರದ ಸೌಲಭ್ಯಕ್ಕೆ ನೀವು ತೆತ್ತದ್ದು 87,900. ತೆರಿಗೆಯ ಮೇಲಿನ ಸೆಸ್ ಬೇರೆ. 10 ಲಕ್ಷ ದಾಟಿದ ಕಾರಣಕ್ಕೆ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಬಿಡಿ.

ಶೋರೂಮಿನಲ್ಲಿ ಇದನ್ನು ಹೀಗೆ ಹೇಳುವುದಿಲ್ಲ. ‘ತಿಂಗಳಿಗೆ ಎಂಟುನೂರು ರೂಪಾಯಿ ವ್ಯತ್ಯಾಸ ಅಷ್ಟೇ ಸಾರ್’ ಎನ್ನುತ್ತಾರೆ. ಶೇ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ 50 ಸಾವಿರದ ಕಂತು ನಿಜಕ್ಕೂ ಅಷ್ಟೇ. ತೆರಿಗೆಯ ವ್ಯತ್ಯಾಸವನ್ನೂ ಸಾಲಕ್ಕೇ ಸೇರಿಸಿದರೆ ಅದು 1,400 ದಾಟುತ್ತದೆ, ಏಳು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 1.19 ಲಕ್ಷ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು ಹಲವು ವೇರಿಯಂಟುಗಳು 10 ಲಕ್ಷದ ಗೆರೆಯ ಕೆಳಗೆ ಬಂದವು. ಉಳಿದ ಹಣದಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತುವ ಮುನ್ನ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲಿಯವರೆಗೆ ಹೇಳಿದ್ದು ಕಂಪನಿಯ ಕಂತೆ. ಡೀಲರ್ ಕಟ್ಟುವ ಕಂತೆ ಇದಕ್ಕಿಂತ ಕೆಟ್ಟದ್ದು, ಅದಕ್ಕೆ ಕಾರ್ಖಾನೆಯ ಅನಿವಾರ್ಯದ ನೆಪವೂ ಇಲ್ಲ. ಕೊಟೇಶನ್ ಹಾಳೆಯ ಕೆಳಭಾಗ ನೋಡಿ: ಬೇಸಿಕ್ ಕಿಟ್, ಎಕ್ಸ್‌ಟೆಂಡೆಡ್ ವಾರಂಟಿ, ಕೋಟಿಂಗ್, ಹ್ಯಾಂಡ್ಲಿಂಗ್ ಚಾರ್ಜು. ಕಿಟ್ ಎಂದರೆ ಮ್ಯಾಟು, ಮಡ್ ಫ್ಲಾಪ್, ಸೀಟ್ ಕವರ್, ಒಂದು ಕಾರ್ ಪರ್ಫ್ಯೂಮ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತರಬಹುದಾದ ಸಾಮಾನು. ಅದರಲ್ಲೂ ಸೀಟ್ ಕವರಿನ ವಿಷಯ ವಿಚಿತ್ರ. ಆರು ಏರ್‌ಬ್ಯಾಗುಗಳಲ್ಲಿ ಪಕ್ಕದವು ಸಾಮಾನ್ಯವಾಗಿ ಮುಂದಿನ ಸೀಟಿನ ಬದಿಯೊಳಗೇ ಇರುತ್ತವೆ. ಢಿಕ್ಕಿಯಾದಾಗ ಸೀಟಿನ ಹೊಲಿಗೆ ಸೀಳಿಕೊಂಡು ಹೊರಬರಬೇಕು. ದಪ್ಪ ಕವರು ಬಿಗಿದರೆ ಅದಕ್ಕೇ ಅಡ್ಡಿ. ಕಾರಿನ ಜೊತೆ ಬರುವ ಕೈಪಿಡಿಯಲ್ಲೇ ಈ ಎಚ್ಚರಿಕೆ ಇರುತ್ತದೆ. ಆ ಕೈಪಿಡಿ ಇರುವುದು ಗ್ಲೋವ್ ಬಾಕ್ಸಿನಲ್ಲಿ, ಕವರು ಹಾಕುವವರು ಅದನ್ನು ತೆಗೆಯುವುದಿಲ್ಲ. ಒಂದು ಕಂತೆಯಲ್ಲಿ ದುಡ್ಡು ಕೊಟ್ಟು ಪಡೆದ ರಕ್ಷಣೆಯನ್ನು ಇನ್ನೊಂದು ಕಂತೆಗೆ ದುಡ್ಡು ಕೊಟ್ಟು ಮುಚ್ಚಿಸಿಕೊಂಡ ಹಾಗಾಯಿತು.

‘ಕಿಟ್ ಬೇಡ ಅಂದ್ರೆ ಡೆಲಿವರಿ ಲೇಟಾಗುತ್ತೆ’, ‘ಇನ್ಶೂರೆನ್ಸ್ ಹೊರಗಿಂದ ತಂದ್ರೆ ಡಿಸ್ಕೌಂಟ್ ಇಲ್ಲ’ ಎಂಬ ಮಾತುಗಳಿಗೆ ಹೆದರಬೇಕಾದ್ದಿಲ್ಲ. ಒಂದು ವಸ್ತು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದನ್ನು ಯಾವ ಕಂಪನಿಯಿಂದ ಕೊಳ್ಳಬೇಕೆಂಬುದು ಮಾತ್ರ ನಿಮ್ಮಿಷ್ಟ. ಸ್ವಂತ ಹಾನಿಯ ವಿಮೆಯನ್ನೂ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟುವ ಪ್ಯಾಕೇಜನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಆಗಸ್ಟ್‌ನಿಂದ ಹಿಂತೆಗೆದುಕೊಂಡಿತು. ಬಿಡಿಬಿಡಿಯಾಗಿ ಆರಿಸುವ ಸ್ವಾತಂತ್ರ್ಯ ನಮ್ಮಲ್ಲಿ ಎಲ್ಲಾದರೂ ಪೂರ್ತಿ ಇದ್ದರೆ ಅದು ವಿಮೆಯಲ್ಲೇ. ಬಿಡಿಭಾಗದ ಸವಕಳಿ ಕಳೆಯದೆ ಪರಿಹಾರ ಕೊಡುವ ಝೀರೋ ಡಿಪ್ರಿಸಿಯೇಷನ್ ಹೊಸ ಕಾರಿಗೆ ಬೇಕು. ಎಂಜಿನ್‌ಗೆ ನೀರು ನುಗ್ಗಿದರೆ ರಿಪೇರಿ ಖರ್ಚು ಕೊಡುವ ಆ್ಯಡ್-ಆನ್ 2022ರ ಸೆಪ್ಟೆಂಬರಿನ ಪ್ರವಾಹದಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರಿನ ಕಡೆ ಎಷ್ಟು ಬೆಲೆಯುಳ್ಳದ್ದಾಗಿತ್ತೆಂದು ಅಲ್ಲಿನವರನ್ನು ಕೇಳಬೇಕು. ಬಳ್ಳಾರಿಯವರಿಗೆ ಅದರ ತುರ್ತಿಲ್ಲ. ಕೀಲಿ ಕಳೆದರೆ ಕೊಡುವ ವಿಮೆ ಇಬ್ಬರಿಗೂ ದಂಡ.

ಹಾಗಾದರೆ ವೇರಿಯಂಟ್ ಆರಿಸುವುದು ಹೇಗೆ? ಬಾಡಿಯೊಳಗೆ ಸೇರಿಹೋಗಿರುವುದನ್ನು, ಅಂದರೆ ಏರ್‌ಬ್ಯಾಗ್, ಗೇರ್‌ಬಾಕ್ಸ್, ಬ್ರೇಕು, ಹಿಂದಿನ ಡಿಫಾಗರ್ ತಂತಿಗಳನ್ನು ಕಾರ್ಖಾನೆಯಿಂದಲೇ ಪಡೆಯಬೇಕು. ಆಮೇಲೆ ಹೊರಗೆ ಹಾಕಿಸುವುದು ಆಗದ ಮಾತು, ಆದರೂ ಅಪಾಯ. ಅದಕ್ಕಾಗಿ ಒಂದು ಮೆಟ್ಟಿಲು ಹತ್ತಬೇಕಾದರೆ ಗೊಣಗಿಕೊಂಡಾದರೂ ಹತ್ತಿ. ಟಚ್‌ಸ್ಕ್ರೀನ್, ಸ್ಪೀಕರ್, ಅಲಾಯ್ ವೀಲ್, ರಿವರ್ಸ್ ಕ್ಯಾಮೆರಾಗಳಿಗಾಗಿ ಹತ್ತಬೇಡಿ. ಅವು ಹೊರಗೆ ಸಿಗುತ್ತವೆ, ರಸ್ತೆ ತೆರಿಗೆಯೂ ಬೀಳುವುದಿಲ್ಲ. ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತಕರಾರು ಬರುತ್ತದೆ, ಕಪ್ಲರ್‌ಗೆ ನೇರ ಸಿಕ್ಕಿಸುವಂಥದ್ದನ್ನೇ ಹಾಕಿಸಬೇಕು. ನನ್ನ ಮಟ್ಟಿಗೆ ಹೆಚ್ಚಿನವರಿಗೆ ಸರಿಹೊಂದುವುದು ನಡುವಿನ ವೇರಿಯಂಟ್. ಬೇಸ್ ಮಾಡೆಲ್ ಕೊಂಡು ಅದಕ್ಕೆ ಒಂದೊಂದೇ ಅಂಟಿಸುತ್ತ ಹೋಗುವವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಅವರ ಲೆಕ್ಕ ಕೊನೆಗೆ ನಡುವಿನ ವೇರಿಯಂಟಿನ ಬೆಲೆಗೇ ಬಂದು ನಿಲ್ಲುವುದುಂಟು.

ಕೊಳ್ಳುವವರ ಜಾಣತನಕ್ಕೂ ಮಿತಿಯಿದೆ. ಬ್ರೋಷರಿನಲ್ಲಿ ಸನ್‌ರೂಫಿಗೆಷ್ಟು, ವೈಪರಿಗೆಷ್ಟು ಎಂದು ಬರೆದಿರುವುದಿಲ್ಲ. ಸಿಗುವುದು ವೇರಿಯಂಟಿನ ಬೆಲೆ ಮಾತ್ರ. ಅಮೆರಿಕದಲ್ಲಿ ಸೆನೆಟರ್ ಮೈಕ್ ಮನ್ರೋನಿ ಹಟ ಹಿಡಿದು 1958ರಲ್ಲಿ ತಂದ ಕಾನೂನಿನಿಂದಾಗಿ ಪ್ರತಿ ಹೊಸ ಕಾರಿನ ಕಿಟಕಿಗೂ ಒಂದು ಚೀಟಿ ಅಂಟಿರುತ್ತದೆ. ಮೂಲ ಬೆಲೆ, ಸೇರಿಸಿದ ಒಂದೊಂದು ಆಪ್ಷನ್ನಿನ ಬೆಲೆ, ಸಾಗಣೆ ಖರ್ಚು, ಒಟ್ಟು ಮೊತ್ತ ಎಲ್ಲವೂ ಅದರಲ್ಲಿರುತ್ತವೆ. ಕೊಂಡವರ ಕೈಗೆ ಕಾರು ಸೇರುವವರೆಗೆ ಡೀಲರ್ ಅದನ್ನು ಕೀಳುವಂತಿಲ್ಲ. ನಮ್ಮ ಹೆದ್ದಾರಿ ಸಚಿವಾಲಯಕ್ಕೆ ಇಂಥದೊಂದು ಚೀಟಿ ಕಷ್ಟದ ಕೆಲಸವಲ್ಲ. ಜೊತೆಗೆ ಸುರಕ್ಷತೆಯ ಯಾವುದೇ ಸಾಧನವನ್ನು ಟಾಪ್ ವೇರಿಯಂಟಿನಲ್ಲಿ ಕೊಡುವ ಕಂಪನಿ ಅದನ್ನು ಕೆಳಗಿನ ವೇರಿಯಂಟಿಗೂ ಬಿಡಿಯಾಗಿ, ಬೆಲೆ ನಮೂದಿಸಿ ಮಾರಬೇಕೆಂಬ ನಿಯಮ ಬಂದರೆ ಸಾವಿರ ಬಗೆಯ ಕಾರು ಕಟ್ಟುವ ಪ್ರಶ್ನೆ ಏಳುವುದಿಲ್ಲ, ಒಂದೋ ಎರಡೋ ಹೆಚ್ಚಾದಾವು. ರಾಜ್ಯ ಸರ್ಕಾರ ಮಾಡಬಹುದಾದ್ದೂ ಒಂದಿದೆ. 10 ಲಕ್ಷದ ಮೇಲಿನ ಹಣಕ್ಕಷ್ಟೇ ಶೇ 17ರ ದರ ಹಾಕಿದರೆ ಮೇಲಿನ ಉದಾಹರಣೆಯ 10.30 ಲಕ್ಷದ ಕಾರಿಗೆ ತೆರಿಗೆ 1,45,100 ಆಗುತ್ತದೆ, ಅಂದರೆ ಈಗಿನದಕ್ಕಿಂತ 30 ಸಾವಿರ ಕಡಿಮೆ. ತಾನಾಗಿ ಬೀಳುವ ಬ್ರೇಕಿಗಾಗಿ ಮೇಲಿನ ವೇರಿಯಂಟ್ ಆರಿಸುವವರಿಗೆ ಅಷ್ಟಾದರೂ ಉಳಿಯುತ್ತದೆ.