ಮಗುವಿನ ಎರಡನೆಯ ಪ್ರಶ್ನೆ

ಕಳೆದ ಚಳಿಗಾಲದಲ್ಲಿ ಹೊನ್ನಾವರದ ಕಡಲ ದಂಡೆಗೆ ಹೋಗಿದ್ದಾಗ, ನನ್ನ ತಂಗಿಯ ಮೊಮ್ಮಗನು, ಎಂಟು ವರ್ಷದ ಬಾಲಕ, ಅಲೆಯ ನೀರನ್ನು ಬೊಗಸೆಯಲ್ಲಿ ಹಿಡಿದು ನೆಕ್ಕಿ ಮುಖ ಹಿಂಡಿಕೊಂಡು, “ಅಜ್ಜಾ, ಸಮುದ್ರದ ನೀರು ಉಪ್ಪು ಯಾಕೆ?” ಎಂದು ಕೇಳಿದನು. ನಾವೆಲ್ಲರೂ ಶಾಲೆಯಲ್ಲಿ ಕಲಿತ ಉತ್ತರವನ್ನೇ ಹೇಳಿದೆನು: ಮಳೆಯ ನೀರು ಬಂಡೆಗಳನ್ನು ಸವೆಯಿಸಿ ಲವಣಗಳನ್ನು ಕರಗಿಸುತ್ತದೆ, ಹೊಳೆಗಳು ಅವನ್ನು ಕಡಲಿಗೆ ಹೊತ್ತು ತರುತ್ತವೆ, ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹುಡುಗನು ಕ್ಷಣಕಾಲ ಯೋಚಿಸಿ, “ಶರಾವತಿ ಈಗಲೂ ಹರಿಯುತ್ತಾ ಇದೆಯಲ್ಲ, ಹಾಗಾದರೆ ಸಮುದ್ರ ವರ್ಷ ವರ್ಷವೂ ಇನ್ನೂ ಉಪ್ಪಾಗುತ್ತದಾ?” ಎಂದನು. ಹೇಳಲು ನಾಚಿಕೆಯಾಗುತ್ತದೆ, ನಾನು “ಹೋಗು, ಆಡಿಕೋ ಹೋಗು” ಎಂದುಬಿಟ್ಟೆನು.

ಮೊದಲನೆಯ ಪ್ರಶ್ನೆಗೆ ಉತ್ತರವು ಪಠ್ಯಪುಸ್ತಕದಲ್ಲಿದೆ. ಆದಕಾರಣ ಅದನ್ನು ಕೇಳಿದ ಮಗು ಜಾಣ ಮಗು. ಎರಡನೆಯದಕ್ಕೆ ಉತ್ತರ ಅಲ್ಲಿಲ್ಲ. ಆದಕಾರಣ ಅದನ್ನು ಕೇಳಿದ ಮಗು ತಲೆಹರಟೆ. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ನಡೆದುಬಂದಿರುವ ಈ ಲೆಕ್ಕವು ತಲೆಕೆಳಗಾದುದೆಂಬುದು ನನ್ನ ಅಭಿಪ್ರಾಯ. ಏಕೆಂದರೆ, ಈ ಬಾಲಕನು ಕೇಳಿದ ಎರಡನೆಯ ಪ್ರಶ್ನೆಯನ್ನು ಹಿಡಿದುಕೊಂಡು ದೊಡ್ಡ ದೊಡ್ಡ ವಿದ್ವಾಂಸರೇ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಹೆಣಗಿದ್ದಾರೆ.

ಧೂಮಕೇತುವಿನಿಂದ ನಮಗೆ ಪರಿಚಿತನಾದ ಎಡ್ಮಂಡ್ ಹ್ಯಾಲಿ 1715ರಲ್ಲಿ ಇದನ್ನೇ ಕೇಳಿದನು. ಕಡಲಿನ ಉಪ್ಪು ಕ್ರಮವಾಗಿ ಏರುತ್ತಿದ್ದರೆ, ಏರಿಕೆಯ ವೇಗವನ್ನು ಅಳೆದು ಭೂಮಿಯ ವಯಸ್ಸನ್ನೇ ಕಂಡುಹಿಡಿಯಬಹುದಲ್ಲವೇ ಎಂಬುದು ಆತನ ತರ್ಕ. ಪ್ರಾಚೀನ ಗ್ರೀಕರು ತಮ್ಮ ಕಾಲದ ಕಡಲಿನ ಉಪ್ಪನ್ನು ಅಳೆದು ಬರೆದಿಡಲಿಲ್ಲವಲ್ಲ ಎಂದು ಆತನು ಕೊರಗಿದನು. 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಎಂಬ ವಿಜ್ಞಾನಿಯು ಲೆಕ್ಕ ಹಾಕಿಯೇಬಿಟ್ಟನು. ಕಡಲಿನಲ್ಲಿರುವ ಒಟ್ಟು ಸೋಡಿಯಮ್ಮನ್ನು ನದಿಗಳು ವರ್ಷಕ್ಕೆ ತರುವ ಸೋಡಿಯಮ್ಮಿನಿಂದ ಭಾಗಿಸಿದಾಗ ಎಂಟರಿಂದ ಒಂಬತ್ತು ಕೋಟಿ ವರ್ಷ ಬಂದಿತು. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷವೆಂದು ಇಂದು ನಮಗೆ ತಿಳಿದಿದೆ. ಭಾಗಾಕಾರವೇನೋ ಸರಿಯಾಗಿತ್ತು, ಕಡಲಿಗೆ ಬಂದ ಉಪ್ಪು ಹೊರಗೆ ಹೋಗುವುದೇ ಇಲ್ಲವೆಂಬ ನಂಬಿಕೆ ಮಾತ್ರ ತಪ್ಪಾಗಿತ್ತು. ಜೋಲಿ ಕಂಡುಹಿಡಿದುದು ಭೂಮಿಯ ವಯಸ್ಸನ್ನಲ್ಲ. ಸೋಡಿಯಮ್ಮಿನ ಒಂದು ಕಣವು ಸರಾಸರಿಯಲ್ಲಿ ಎಷ್ಟು ಕಾಲ ಕಡಲಿನಲ್ಲಿ ತಂಗಿರುತ್ತದೆಂಬುದನ್ನು, ಅದೂ ಸ್ಥೂಲವಾಗಿ.

ಉಪ್ಪು ಹೊರಗೆ ಹೋಗುವ ದಾರಿ ಯಾವುದು? ಒಂದು ದಾರಿಯ ಗುರುತು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಏಕಾದಶಿಯ ದಿನ ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಸೈಂಧವ ಲವಣವು ಸಿಂಧೂ ದೇಶದ ಕಡೆಯಿಂದ, ಇಂದಿನ ಪಾಕಿಸ್ತಾನದ ಉಪ್ಪಿನ ಬೆಟ್ಟಗಳಿಂದ ಬಂದುದು. ಅದು 50 ಕೋಟಿ ವರ್ಷಗಳಿಗೂ ಹಿಂದೆ ಬತ್ತಿಹೋದ ಕಡಲೊಂದರ ಶೇಷ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಬೇಸಗೆಯಲ್ಲಿ ನಡೆಯುವುದೂ ಇದೇ ಕ್ರಿಯೆ, ಸಣ್ಣ ಪ್ರಮಾಣದಲ್ಲಿ. ಅಲೆಯ ತುಂತುರಿನೊಡನೆ ಗಾಳಿಗೆ ಸೇರಿ ನೆಲಕ್ಕೆ ಹಿಂದಿರುಗುವ ಉಪ್ಪು ಸ್ವಲ್ಪ; ಕಡಲತಳದ ಜೇಡಿಯಲ್ಲಿ ಹೂತುಹೋಗುವುದು ಸ್ವಲ್ಪ. ಇವಲ್ಲದೆ ಇನ್ನೊಂದು ದಾರಿಯು 1977ರಲ್ಲಿ ಗಲಪಾಗಸ್ ದ್ವೀಪಗಳ ಸಮೀಪದಲ್ಲಿ ಕಣ್ಣಿಗೆ ಬಿದ್ದಿತು. ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಇಳಿದವರು ಕಡಲತಳದಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಕಂಡರು. ಕಡಲಿನ ನೀರು ತಳದ ಬಿರುಕುಗಳಲ್ಲಿ ಇಳಿದು, ಬಿಸಿಯಾದ ಶಿಲೆಗಳ ನಡುವೆ ಹಾಯುವಾಗ ಕೆಲವು ಲವಣಗಳನ್ನು, ಮುಖ್ಯವಾಗಿ ಮೆಗ್ನೀಸಿಯಮ್ಮನ್ನು, ಅಲ್ಲಿ ಬಿಟ್ಟು, ಬೇರೆ ಕೆಲವನ್ನು ಹೊತ್ತು ಮೇಲೆ ಬರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ನಾನು ಹೇಳಿದ ಮೊದಲನೆಯ ಉತ್ತರವೂ ಅರೆಬರೆಯದೇ. ಹೊಳೆಗಳ ನೀರಿನಲ್ಲಿ ಸಾಮಾನ್ಯವಾಗಿ ಹೆಚ್ಚಾಗಿರುವುದು ಕ್ಯಾಲ್ಸಿಯಮ್ ಮತ್ತು ಬೈಕಾರ್ಬೊನೇಟು. ಕಡಲಿನಲ್ಲಿ ಹೆಚ್ಚಾಗಿರುವುದು ಸೋಡಿಯಮ್ ಮತ್ತು ಕ್ಲೋರೈಡು. ಕ್ಯಾಲ್ಸಿಯಮ್ಮನ್ನು ಚಿಪ್ಪಿನ ಪ್ರಾಣಿಗಳೂ ಹವಳಗಳೂ ತಮ್ಮ ಮೈಗೆ ಕಟ್ಟಿಕೊಳ್ಳುತ್ತವೆ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ಇದೇ ಕಾರಣದಿಂದ ಸಾಧ್ಯವಾಗಿದೆ. ಕ್ಲೋರಿನ್ನಿನ ಬಹುಭಾಗವಂತೂ ಪುರಾತನ ಕಾಲದಲ್ಲಿ ಭೂಗರ್ಭದಿಂದ ಜ್ವಾಲಾಮುಖಿಗಳ ಅನಿಲಗಳೊಡನೆ ಹೊರಬಂದುದು. ಹುಡುಗನು ಸುಮ್ಮನಿದ್ದಿದ್ದರೆ ನಾನು ಇದಾವುದನ್ನೂ ಪುಸ್ತಕ ತೆರೆದು ನೋಡುತ್ತಿರಲಿಲ್ಲ.

ಉಪಾಧ್ಯಾಯರ ಕಷ್ಟವನ್ನು ನಾನು ಬಲ್ಲೆನು. ಐವತ್ತು ಮಕ್ಕಳ ತರಗತಿ, ಮುಗಿಸಲೇಬೇಕಾದ ಪಾಠ, ಎದುರಿಗೆ ಪರೀಕ್ಷೆ. ಆದರೂ ಎರಡನೆಯ ಪ್ರಶ್ನೆಗೆ “ನನಗೆ ತಿಳಿಯದು, ನೋಡಿ ಹೇಳುತ್ತೇನೆ” ಎನ್ನಲು ಅರೆನಿಮಿಷ ಸಾಕು. ಹಾಗೆಂದ ಮಾತ್ರಕ್ಕೆ ಗೌರವ ಕುಂದುವುದೆಂಬ ಭಯವು ನಮ್ಮಲ್ಲಿ ಬೇರೂರಿಬಿಟ್ಟಿದೆ. ಪ್ರೌಢಶಾಲೆಗೆ ಬರುವಷ್ಟರಲ್ಲಿ ಮಕ್ಕಳು ಮೊದಲನೆಯ ಪ್ರಶ್ನೆಯಲ್ಲಿಯೇ ನಿಲ್ಲುವುದನ್ನು ಕಲಿತುಬಿಟ್ಟಿರುತ್ತಾರೆ. ಅದನ್ನು ಅವರಿಗೆ ಕಲಿಸಿದವರು ನಾವು. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ತಾವು ಕೊನೆಯದಾಗಿ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದುದು ಯಾವಾಗ ಎಂಬುದನ್ನು ನೆನೆದುಕೊಳ್ಳಲಿ.

ಊರಿಗೆ ಮರಳಿದ ಮೇಲೆ ಇದೆಲ್ಲವನ್ನೂ ಸರಳವಾಗಿ ಬರೆದು ಹುಡುಗನಿಗೆ ಕಾಗದ ಹಾಕಿದೆನು. ವಾರದೊಳಗೆ ಉತ್ತರ ಬಂದಿತು. ಕಾಗದದಲ್ಲಿ ಇದ್ದುದು ಒಂದೇ ಸಾಲು: “ಅಜ್ಜಾ, ಸಮುದ್ರದ ತಳದಲ್ಲಿ ಬಿರುಕುಗಳಿದ್ದರೆ ನೀರೆಲ್ಲ ಯಾಕೆ ಬಸಿದು ಹೋಗಲಿಲ್ಲ?”